ಬೂದಿ ಕೈಯ ಅಂಕಿ

ಆಲೆಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬಂದವನು ಕಳ್ಳನಾದರೂ ಸರಿ, ಸರ್ವೆಯವನಾದರೂ ಸರಿ, ಮೊದಲು ಒಂದು ಲೋಟ ಕಬ್ಬಿನ ಹಾಲು, ಆಮೇಲೆ ಬಾಳೆಲೆ ತುಂಡಿನ ಮೇಲೆ ಜೇನಿನಂತೆ ಹರಿಯುವ ಬಿಸಿ ಜೋನಿ ಬೆಲ್ಲ. ತಿಂದು ಬೆರಳು ನೆಕ್ಕಿದ ಮೇಲೆಯೇ ಬಂದ ಕೆಲಸ ಏನು ಎಂದು ಕೇಳುವುದು. ಹೋದ ವರ್ಷ ಸಕ್ಕರೆ ಕಾಯಿಲೆ ಹುಡುಕಿಕೊಂಡು ಬಂದ ನರ್ಸಮ್ಮನಿಗೂ ಹಾಗೆಯೇ ಮಾಡಿದೆವು. ಎಡವಟ್ಟು ಶುರುವಾದದ್ದು ಅಲ್ಲಿಂದ.

ನಮ್ಮೂರು ಸಿದ್ದಾಪುರದಿಂದ ನಿಲ್ಕುಂದದ ಕಡೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲುವ ಜಾಗದಿಂದ ಒಳಗೆ ಅರ್ಧ ತಾಸು ನಡೆದರೆ ಸಿಗುತ್ತದೆ. ನಾಲ್ಕು ಮನೆಯವರು ಸೇರಿ ಕಬ್ಬು ಬೆಳೆಯುತ್ತೇವೆ. ಬತ್ತ ಕೊಯ್ದಾದ ಗದ್ದೆಯಲ್ಲಿ ಚಪ್ಪರ ಹಾಕಿ, ಗಾಣ ತಂದು ನಿಲ್ಲಿಸಿ, ಒಂದು ತಿಂಗಳು ಬೆಲ್ಲ ಮಾಡುತ್ತೇವೆ. ಆ ತಿಂಗಳು ನಾಲ್ಕು ಮನೆಗೂ ಬೀಗ. ಊಟ, ಜಗಳ, ನಿದ್ದೆ ಎಲ್ಲ ಚಪ್ಪರದಲ್ಲೇ.

ಅಲ್ಲಿ ನನ್ನ ಕೆಲಸ ಹದ ನೋಡುವುದು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವಾಗ ಬೆಲ್ಲವಾಯಿತು ಎಂದು ಹೇಳುವುದು. ಸಟ್ಟುಗದ ತುದಿಯಿಂದ ಒಂದು ಹನಿ ತೆಗೆದು ಎರಡು ಬೆರಳ ನಡುವೆ ಎಳೆದು ನೋಡುತ್ತೇನೆ, ಬೆರಳು ನೆಕ್ಕುತ್ತೇನೆ, ಇಳಿಸಿ ಎನ್ನುತ್ತೇನೆ. ನಲವತ್ತು ವರ್ಷದಲ್ಲಿ ಎರಡು ಸಲ ತಪ್ಪಿದ್ದೇನೆ. ಎರಡು ಸಲವೂ ಯಾರೋ ಮಧ್ಯೆ ಮಾತಾಡಿಸಿದ್ದರಿಂದ.

ಒಲೆ ನನ್ನ ಓರಗಿತ್ತಿಯದು. ನನ್ನ ಮೈದುನನ ಹೆಂಡತಿ ಅವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಕೊಪ್ಪರಿಗೆ ಮೇಲಿರುತ್ತದೆ, ಒಲೆಯ ಬಾಯಿ ಹಿಂಬದಿಯಲ್ಲಿ ಕೆಳಗೆ, ಒಂದು ಗುಂಡಿಯಲ್ಲಿ. ಅವಳು ಅಲ್ಲಿ ಕೂತು ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಾಳೆ. ಹದ ನನ್ನದೆಂದು ನಾನು ಎಷ್ಟೇ ಹೇಳಿಕೊಂಡರೂ ಕಿಚ್ಚು ಅವಳ ಕೈಯಲ್ಲಿ. ಅವಳು ಮನಸ್ಸು ಮಾಡಿದರೆ ಹತ್ತು ನಿಮಿಷದಲ್ಲಿ ಇಡೀ ಕೊಪ್ಪರಿಗೆ ಸುಟ್ಟು ಕರಿ ಮಾಡಬಹುದು. ಅದು ಚಪ್ಪರದಲ್ಲಿರುವ ಎಲ್ಲರಿಗೂ ಗೊತ್ತು. ಹಾಗಾಗಿ ಆ ಒಂದು ತಿಂಗಳು ಎಲ್ಲರೂ ಅವಳ ಮಾತು ಕೇಳುತ್ತಾರೆ. ಉಳಿದ ಹನ್ನೊಂದು ತಿಂಗಳು ಮನೆಯಲ್ಲಿ ನನ್ನ ಮಾತು ನಡೆಯುತ್ತದೆ. ಮುಚ್ಚಿಟ್ಟು ಹೇಳುವುದೇನಿದೆ.

ನಮ್ಮ ಅತ್ತೆ ಆಲೆಮನೆಗೆ ಎರಡು ನಿಯಮ ಮಾಡಿಟ್ಟು ಹೋಗಿದ್ದಳು. ಒಂದು, ಒಲೆಗೆ ಕೂತವರು ಕೊಪ್ಪರಿಗೆಯ ಹತ್ತಿರ ಬರಬಾರದು, ಬೆಲ್ಲ ಮುಟ್ಟಬಾರದು. ಬೂದಿ ಕೈ ಬೆಲ್ಲಕ್ಕೆ ತಾಗಿದರೆ ಬೆಲ್ಲ ಕೆಡುತ್ತದೆ. ಎರಡು, ಚಪ್ಪರದೊಳಗೆ ಯಾರೂ ಮೆಟ್ಟು ಹಾಕಬಾರದು. ಬೆಲ್ಲ ಲಕ್ಷ್ಮಿ. ಲಕ್ಷ್ಮಿಯ ಮುಂದೆ ಚರ್ಮ ಮೆಟ್ಟಿ ನಿಲ್ಲುವವನು ನಮ್ಮೂರಲ್ಲಿ ಹುಟ್ಟಿರಲಿಲ್ಲ.

ನರ್ಸಮ್ಮ ಹಾವೇರಿ ಕಡೆಯವಳು. ಮೂವತ್ತು ದಾಟಿದ ಎಲ್ಲರ ರಕ್ತ ನೋಡಬೇಕು, ಕಾಯಿಲೆ ಇರಲಿ ಬಿಡಲಿ, ಎಂದು ಅವಳಿಗೆ ಮೇಲಿನಿಂದ ಹೇಳಿದ್ದರಂತೆ. ಮೂರು ಸಲ ನಮ್ಮ ಮನೆಗಳಿಗೆ ಬಂದು ಬೀಗ ನೋಡಿ ಹೋಗಿದ್ದಳು. ನಾಲ್ಕನೆಯ ಸಲ ಹೊಗೆ ನೋಡಿಕೊಂಡು ನೇರ ಗದ್ದೆಗೆ ಇಳಿದಳು.

"ಎಲ್ಲಾರೂ ಒಂದ ಕಡೆ ಸಿಕ್ರಿ ನೋಡ್ರಿ ಅಜ್ಜಿ. ಬೆರಳಿಗೆ ಸಣ್ಣಂಗ ಚುಚ್ಚತೀನಿ. ಒಂದು ಹನಿ ರಕ್ತ, ಅಷ್ಟ."

"ನಂಗೆಂತಾ ಕಾಯ್ಲೆ ಇಲ್ಲ," ಎಂದೆ.

"ಇಲ್ಲ ಅನ್ನೋರನ್ನ ನೋಡಾಕ ಬಂದೇನ್ರಿ. ಐತಿ ಅನ್ನೋರು ತಾವ ದವಾಖಾನಿಗೆ ಬರ್ತಾರ."

ನನಗೆ ಆ ಮಾತು ಆಗ ಹಿಡಿಸಲಿಲ್ಲ. ನಾವು ಆಸ್ಪತ್ರೆ ಹುಡುಕಿಕೊಂಡು ಹೋಗುವುದು ಸರಿ, ಆಸ್ಪತ್ರೆ ನಮ್ಮನ್ನು ಹುಡುಕಿಕೊಂಡು ಗದ್ದೆಗೆ ಬರುವುದು ಎಂಥದು ಅನ್ನಿಸಿತು. ಆದರೂ ಬಂದವಳಿಗೆ ಹಾಲು ಕೊಟ್ಟೆವು, ಬೆಲ್ಲ ಕೊಟ್ಟೆವು. ಅವಳು ಬೇಡ ಬೇಡ ಎನ್ನುತ್ತಲೇ ಎಲೆ ಖಾಲಿ ಮಾಡಿದಳು. ಆಮೇಲೆ ಚೀಲ ಬಿಚ್ಚಿ ಚಾಪೆಯ ಮೇಲೆ ಕೂತಳು.

ಮೊದಲು ಟೇಪು ಹಿಡಿದು ಎಲ್ಲರ ಸೊಂಟ ಅಳೆದಳು. ನನ್ನ ಮೈದುನ ಹೊಟ್ಟೆ ಒಳಗೆಳೆದುಕೊಂಡು ನಿಂತ.

"ಉಸುರು ಬಿಡ್ರಿ ಯಜಮಾನ್ರ. ನಾ ಅಂಗಿ ಹೊಲಿಯಾಕ ಬಂದಿಲ್ಲ."

ಅವನು ಉಸಿರು ಬಿಟ್ಟ. ಟೇಪು ಅವಳ ಕೈಯಿಂದ ಜಾರಿತು. ಹೆಂಗಸರೆಲ್ಲ ನಕ್ಕರು.

ಆಮೇಲೆ ಕಾಗದ ನೋಡಿಕೊಂಡು ಒಬ್ಬೊಬ್ಬರನ್ನೇ ಕೇಳಿದಳು. ಬೀಡಿ ಸೇದುತ್ತೀರಾ, ಅಪ್ಪ ಅಮ್ಮನಿಗೆ ಕಾಯಿಲೆ ಇತ್ತಾ, ಸಿಹಿ ಎಷ್ಟು ತಿನ್ನುತ್ತೀರಿ. ಕೊನೆಯದಕ್ಕೆ ಎಲ್ಲರ ಪರವಾಗಿ ನಾನೇ ಉತ್ತರ ಕೊಟ್ಟೆ.

"ಸಕ್ರೆ ನಮ್ಮ ಹೊಸ್ಲು ದಾಟೂದಿಲ್ಲ. ಫ್ಯಾಕ್ಟರಿ ಮಾಲು ನಾವು ಮುಟ್ಟೂದೇ ಇಲ್ಲ."

ಹೆಮ್ಮೆಯಿಂದಲೇ ಹೇಳಿದೆ. ಬಾಯಲ್ಲಿ ಬೆಲ್ಲದ ರುಚಿ ಇನ್ನೂ ಇತ್ತು.

ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಬೆರಳು ಒರೆಸುವುದು, ಚುಚ್ಚುವುದು, ರಕ್ತವನ್ನು ಸಣ್ಣ ಪಟ್ಟಿಗೆ ತಾಗಿಸುವುದು. ಮಿಷನ್ನು ಅಂಕಿ ತೋರಿಸುತ್ತದೆ. ಅಂಕಿ ನನಗೆ ಅಕ್ಷರಕ್ಕಿಂತ ಚೆನ್ನಾಗಿ ಬರುತ್ತದೆ. ಅಕ್ಷರವನ್ನು ಮುದುಕಿಯಾದ ಮೇಲೆ ರಾತ್ರಿಶಾಲೆಯಲ್ಲಿ ಕಲಿತೆ, ಅಂಕಿಯನ್ನು ಬೆಲ್ಲದ ಡಬ್ಬಿ ಎಣಿಸಿ ಚಿಕ್ಕಂದಿನಲ್ಲೇ ಕಲಿತಿದ್ದೆ. ನೂರಾ ನಲವತ್ತರ ಒಳಗೆ ಬಂದರೆ ಚಿಂತೆ ಇಲ್ಲ ಎಂದು ನರ್ಸಮ್ಮ ಮೊದಲೇ ಹೇಳಿದ್ದಳು. ಮೊದಲು ಕೂತ ನನ್ನ ಮೈದುನನಿಗೆ ಇನ್ನೂರಾ ಎಂಬತ್ತು. ಪಕ್ಕದ ಮನೆಯವನಿಗೆ ಇನ್ನೂರಾ ನಲವತ್ತು. ನನಗೆ ನಾನೂರು ದಾಟಿತು.

ಹತ್ತನೆಯವರ ಹೊತ್ತಿಗೆ ನರ್ಸಮ್ಮನ ಮುಖದಲ್ಲಿ ಬೆವರು ಬಂದಿತ್ತು. ಹನ್ನೊಂದನೆಯವಳು ನನ್ನ ಓರಗಿತ್ತಿ. ಮೇಲಿನವರು ಕೊಪ್ಪರಿಗೆ ಇಳಿಸಿದ ಮೇಲೆ ಒಲೆ ತಣ್ಣಗೆ ಮಾಡಿ ಬಂದಿದ್ದಳು. ಕೈ ಮೊಣಕೈವರೆಗೆ ಬೂದಿ. ಹತ್ತಿಯಲ್ಲಿ ಎಷ್ಟು ಒರೆಸಿದರೂ ಹತ್ತಿ ಕಪ್ಪಾಯಿತೇ ಹೊರತು ಬೆರಳು ಕಾಣಲಿಲ್ಲ.

"ಯವ್ವಾ, ಹಿಂಗಾದ್ರ ಬೆರಳ ಎಲ್ಲೈತಿ ಅಂತ ನಾ ಹುಡುಕಬೇಕು. ಸಾಬೂನು ಹಚ್ಚಿ ತೊಳಕೊಂಡ ಬರ್ರಿ."

ಅವಳು ಗುಂಡಿಯ ಹತ್ತಿರದ ತನ್ನ ಕೊಡದ ನೀರಲ್ಲಿ ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬಂದಳು. ಅವಳದು ಮುನ್ನೂರಾ ಹನ್ನೆರಡು.

ಹನ್ನೊಂದು ಜನ, ಹನ್ನೊಂದು ಮಂದಿಗೂ ಸಕ್ಕರೆ ಕಾಯಿಲೆ. ಆಗ ನರ್ಸಮ್ಮ ತನ್ನ ಬೆರಳನ್ನೇ ಚುಚ್ಚಿಕೊಂಡು ನೋಡಿದಳು. ಇನ್ನೂರಾ ಅರವತ್ತು.

"ಸಿಸ್ಟರೇ," ಎಂದ ನನ್ನ ಮೈದುನ, "ನಮಗೆಲ್ಲ ಎಂತಾ ಇಲ್ಲ. ನಿಮ್ಮ ಮಿಷನ್ನಿಗೇ ಸಕ್ರೆ ಕಾಯ್ಲೆ ಬಂದದೆ. ಅದಕ್ಕೆ ಮೊದ್ಲು ಮಾತ್ರೆ ಕೊಡಿ."

ನರ್ಸಮ್ಮ ನಗಲಿಲ್ಲ. ತನ್ನ ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ ಹೆಬ್ಬೆರಳಿಗೆ ತೋರುಬೆರಳು ಒತ್ತಿ ಬಿಡಿಸಿದಳು. ಅಂಟಿತು.

"ಬೆಲ್ಲ," ಎಂದಳು. "ಬೆರಳಿಗೆ ಹತ್ತಿದ ಬೆಲ್ಲ ರಕ್ತದಾಗ ಕೂಡಿ ಬರಾಕತ್ತೈತಿ. ಹತ್ತಿಲೆ ಒರೆಸಿದ್ರ ಹೋಗಿಲ್ಲ. ನನ್ನ ತಪ್ಪರಿ, ಎಲ್ಲಾರ ಕೈ ತೊಳಸಬೇಕಿತ್ತು."

ರಕ್ತ ತಾಗಿಸುವ ಪಟ್ಟಿಗಳು ಮುಗಿದುಹೋಗಿದ್ದವು. ಅವಳು ಬರೆದ ಹಾಳೆಯ ಮೇಲೆ ಮೇಲಿನಿಂದ ಕೆಳಗೆ ಒಂದು ಗೀಟು ಎಳೆದಳು. ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ಉಪಕೇಂದ್ರಕ್ಕೆ ಬನ್ನಿ ಎಂದು ಹೇಳಿ ಹೋದಳು. ಯಾರೂ ಹೋಗುವವರಲ್ಲ. ಆ ಸಂಜೆಯೊಳಗೆ ಅದು ಊರಿಗೆಲ್ಲ ನಗೆಯ ಮಾತಾಯಿತು.

ನಾನೂ ನಕ್ಕೆ. ಸಂಜೆ ಕೊಪ್ಪರಿಗೆ ತಿಕ್ಕಲು ಕೂತಾಗ ನನ್ನ ಕೈಗೆ ಬೂದಿ ಹತ್ತಿತು, ನಗು ನಿಂತಿತು. ಹತ್ತು ಜನರ ಕೈಯಲ್ಲಿ ಬೆಲ್ಲವಿತ್ತು, ಸರಿ. ಅವಳ ಕೈಯಲ್ಲಿ ಎಲ್ಲಿಂದ ಬೆಲ್ಲ ಬರಬೇಕು? ಒಲೆಗೆ ಕೂತವಳು ಬೆಲ್ಲ ಮುಟ್ಟುವುದಿಲ್ಲ. ಕಬ್ಬಿನ ಹಾಲನ್ನೂ ಕುಡಿಯುವುದಿಲ್ಲ, ಬೆಳಗಿನ ಗಂಜಿ ಬಿಟ್ಟರೆ ಬರೀ ನೀರು. ಅದರ ಮೇಲೆ ಅವಳೊಬ್ಬಳೇ ಸಾಬೂನು ಹಚ್ಚಿ ತೊಳೆದು ಬಂದಿದ್ದಳು. ಹನ್ನೊಂದರಲ್ಲಿ ಹತ್ತು ಸುಳ್ಳು, ಒಂದು ನಿಜ. ಸುಳ್ಳಿನ ಜೊತೆ ನಿಜಕ್ಕೂ ಗೀಟು ಬಿದ್ದಿತ್ತು.

ಒಂದು ಹಿಡಿದರೆ ಉಳಿದದ್ದೆಲ್ಲ ಎಳೆ ಎಳೆಯಾಗಿ ಬಂತು. ಅವಳು ದಿನಕ್ಕೆ ಎರಡು ಕೊಡ ನೀರು ಖಾಲಿ ಮಾಡುತ್ತಿದ್ದಳು. ಬೆಂಕಿ ಮುಂದೆ ಕೂತವಳಿಗೆ ಬಾಯಾರಿಕೆ ಎಂದುಕೊಂಡಿದ್ದೆವು. ತಾಸಿಗೊಮ್ಮೆ ಎದ್ದು ಗದ್ದೆಯ ಅಂಚಿಗೆ ಹೋಗುತ್ತಿದ್ದಳು. ನೀರು ಕುಡಿದವಳು ಹೋಗದೆ ಏನು ಎಂದುಕೊಂಡಿದ್ದೆವು. ರವಿಕೆ ಸಡಿಲವಾಗಿತ್ತು. ಬೆವರಿ ಇಳಿದಳು ಎಂದುಕೊಂಡಿದ್ದೆವು. ಎಲ್ಲದಕ್ಕೂ ಒಲೆಯನ್ನು ತೋರಿಸಿ ಸುಮ್ಮನಾಗಿದ್ದೆವು.

ಮೈದುನನಿಗೆ ಹೇಳಿದೆ.

"ಅತ್ತಿಗೆ, ನಿಮ್ಗೆ ನಾನೂರು ಬಂತು. ನಿಮ್ಗಿಲ್ಲದ ಕಾಯ್ಲೆ ಅವಳಿಗೆ ಹ್ಯಾಂಗೆ ಬಂತು?"

"ನನ್ನ ಬೆರಳು ನೆಕ್ಕಿದ್ರೆ ನಿಂಗೆ ಕಾಫಿಗೆ ಬೆಲ್ಲ ಬೇಡ. ಅವಳ ಬೆರಳು ತೊಳ್ದಿತ್ತು ಮಾರಾಯ."

ಅವನಿಗೆ ಅರ್ಥವಾಯಿತೋ ಇಲ್ಲವೋ, ಗಾಣಕ್ಕೆ ಎಣ್ಣೆ ಬಿಡಬೇಕು ಎಂದು ಎದ್ದುಹೋದ.

ಅವಳಿಗೆ ಹೇಳಿದರೆ ಅವಳು ಒಲೆಯಿಂದ ಮುಖ ತಿರುಗಿಸಲೇ ಇಲ್ಲ. "ನಾ ಎಲ್ಲೂ ಬರೂದಿಲ್ಲ ಅಕ್ಕ. ನಂಗೆ ಎಂತಾ ಆಗಿಲ್ಲ."

ಮರುದಿನ ಮಧ್ಯಾಹ್ನ ಕಿಚ್ಚು ಇಳಿಸು ಎನ್ನಲು ಗುಂಡಿಗೆ ಇಳಿದೆ. ಮೇಲಿನಿಂದ ಕೂಗಿದ್ದು ಗಾಣದ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಲ್ಲ. ಸಿಪ್ಪೆ ಇನ್ನೂ ಸರಿಯಾಗಿ ಒಣಗಿಲ್ಲ, ಗಂಡಸರಿಗೆ ಅದನ್ನು ಬಿಸಿಲಿಗೆ ಹರಗಲೂ ಬರುವುದಿಲ್ಲ ಎಂದು ಅವಳು ದೂರು ಹೇಳುತ್ತಿದ್ದಳು. ನನಗೆ ಚರ್ಮ ಸುಟ್ಟ ವಾಸನೆ ಬಂತು. ನೋಡಿದರೆ ಅವಳ ಬಲಗಾಲಿನ ಕಿರುಬೆರಳ ಬುಡದಲ್ಲಿ ಗೇರುಬೀಜದಷ್ಟು ಕೆಂಡ ಕೂತಿತ್ತು. ಅವಳು ಮಾತಾಡುತ್ತಲೇ ಇದ್ದಳು. ನಾನು ಕೋಲಿನಿಂದ ಕೆಂಡ ಹಾರಿಸಿದೆ.

"ಎಂತಾ ಮಾಡ್ತೀ ಅಕ್ಕ?"

"ಕಾಲು ನೋಡ್ಕ."

ನೋಡಿಕೊಂಡಳು. ಚರ್ಮ ಬೆಳ್ಳಗಾಗಿ ಎದ್ದಿತ್ತು. "ಒಲೆ ಮುಂದೆ ಕೂತ ಕಾಲು. ಚರ್ಮ ದಪ್ಪ ಆಗ್ಬಿಟ್ಟದೆ," ಎಂದಳು. ಆದರೆ ಸ್ವರ ಮೊದಲಿನ ಹಾಗಿರಲಿಲ್ಲ.

ನಾನು ಅಲ್ಲೇ ಕೂತೆ. ಕೊಪ್ಪರಿಗೆ ಏನಾದರೂ ಆಗಲಿ ಎಂದು ಕೂತೆ.

"ನಿಂಗೆ ಎಂತಕೆ ಹೆದ್ರಿಕೆ, ಅದನ್ನ ಹೇಳು."

ಇನ್ನೊಂದು ಹಿಡಿ ಸಿಪ್ಪೆ ತುರುಕಿದಳು. ಆಮೇಲೆ ಹೇಳಿದಳು. "ಕಾಯ್ಲೆ ಅಂತ ಬರ್ದ್ರೆ ನನ್ನ ಇಲ್ಲಿಂದ ಏಳ್ಸ್ತೀರಿ. ಮೇಲೆ ಕೂತು ಬಾಳೆಲೆ ಒರೆಸು ಅಂತೀರಿ. ಮನೆಲಿ ನಂದು ಅಂತ ಎಂತಾ ಅದೆ ಅಕ್ಕ? ಅಡುಗೆಮನೆ ನಿಂದು, ಕೊಟ್ಟಿಗೆ ನಿಂದು. ನಂದು ಇದೊಂದು ಒಲೆಬಾಯಿ."

ಸುಳ್ಳಲ್ಲ. ನಾನೊಂದು ಕರಾರು ಮುಂದಿಟ್ಟೆ.

"ಒಲೆ ನಿಂದೇ. ನಾ ಇರೂವರೆಗೆ ನಿನ್ನ ಇಲ್ಲಿಂದ ಯಾರೂ ಏಳ್ಸೂದಿಲ್ಲ. ಆದ್ರೆ ಕಾಲು ಕೊಳ್ತು ಕೊಯ್ದ್ರೆ ಈ ಗುಂಡಿಗೆ ಇಳಿಯೂದು ಹ್ಯಾಂಗೆ? ಹೊತ್ಕಂಡು ಬಂದು ಕೂರ್ಸೂಕೆ ನಿನ್ನ ಗಂಡನ ಸೊಂಟ ನೋಡ್ದ್ಯಲ್ಲ, ಟೇಪಿಗೇ ಸಿಗೂದಿಲ್ಲ."

ಅವಳಿಗೆ ನಗು ಬಂತು. ತಡೆದುಕೊಂಡಳು. "ಹಂಗಾರೆ ನೀನೂ ಬೆರಳು ಕೊಡು. ನಾ ಒಬ್ಳೇ ಕೊಡೂದಿಲ್ಲ."

"ಕೊಡ್ತೆ. ನಂಗೆಂತಾ ಹೆದ್ರಿಕೆ," ಎಂದೆ.

ಮರುದಿನ ಹದ ನೋಡುವ ಕೆಲಸವನ್ನು ಮೈದುನನಿಗೆ, ಒಲೆಯನ್ನು ಪಕ್ಕದ ಮನೆಯವನಿಗೆ ಬಿಟ್ಟು ಬೆಳಗಿನ ಬಸ್ಸಿಗೆ ತಾಲೂಕಾಸ್ಪತ್ರೆಗೆ ಹೋದೆವು. ಅವನು ಆ ದಿನ ಒಂದು ಕೊಪ್ಪರಿಗೆ ಕೆಡಿಸಿದ. ಇರಲಿ. ಮೈಲಿಗೊಂದು ತಿಂಡಿ ತಿನ್ನುವ ಪೈಕಿಯಲ್ಲ ನಾವು, ಖಾಲಿ ಹೊಟ್ಟೆ ಕಷ್ಟವಾಗಲಿಲ್ಲ. ರಕ್ತ ಕೊಡುವ ಮೊದಲು ನಾನು ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದೆ. ರಕ್ತ ತೆಗೆಯುವ ಹುಡುಗಿ, ಇಲ್ಲಿ ಬೆರಳಲ್ಲ ಅಮ್ಮ, ಮೊಣಕೈಯಿಂದ ತೆಗೆಯುವುದು ಎಂದಳು. ತೊಳೆದ ಕೈ ಹಾಳಾಗುವುದಿಲ್ಲ ಎಂದೆ.

ಡಾಕ್ಟರು ಓರಗಿತ್ತಿಯನ್ನು ಮಂಚದ ಮೇಲೆ ಮಲಗಿಸಿ ಕಣ್ಣು ಮುಚ್ಚಿಕೊಳ್ಳಿ ಎಂದರು. ಮೀನಿನ ಗಾಳದ ದಾರದಂಥ ಒಂದು ಗಟ್ಟಿ ಎಳೆ ಅವರ ಕೈಯಲ್ಲಿತ್ತು. "ಕಾಲಿಗೆ ತಾಗಿದ್ದು ಗೊತ್ತಾದ ಕೂಡಲೇ ಹೂಂ ಅನ್ನಿ," ಎಂದರು. ಅಂಗಾಲಿನ ನಡುವೆ ಒತ್ತಿದರು. ಅವಳು ಹೂಂ ಎಂದಳು. ಹಿಮ್ಮಡಿಗೆ ಒತ್ತಿದರು. ಎಳೆ ಬಿಲ್ಲಿನಂತೆ ಬಾಗಿತು. ಅವಳು ಸುಮ್ಮನಿದ್ದಳು. ಹೆಬ್ಬೆರಳಿಗೆ ಒತ್ತಿದರು. ಸುಮ್ಮನಿದ್ದಳು. ಕಿರುಬೆರಳಿಗೆ ಒತ್ತಿದರು.

"ಎಂತಕೆ ಸುಮ್ನೆ ನಿಂತ್ಕಂಡ್ರಿ, ನೋಡಿ," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಅತ್ತರೆ ಕಾಲಿಗೆ ತಿಳಿವಳಿಕೆ ಬರುವುದಿಲ್ಲ.

ಮಧ್ಯಾಹ್ನ ಚೀಟಿ ಬಂತು. ಅವಳದು ಖಾಲಿ ಹೊಟ್ಟೆಯಲ್ಲೇ ಇನ್ನೂರು ದಾಟಿತ್ತು. ಕಾಯಿಲೆ ಬಂದು ವರ್ಷಗಳೇ ಆಗಿರಬೇಕು ಎಂದರು ಡಾಕ್ಟರು. ಈಗಲೇ ಸಿಕ್ಕಿದ್ದು ಒಳ್ಳೆಯದಾಯಿತು, ಗಾಯ ಇನ್ನೂ ಮೇಲೆಯೇ ಇದೆ, ಒಳಗೆ ಇಳಿದಿಲ್ಲ, ಕಾಲಿಗೆ ಏನೂ ಆಗದ ಹಾಗೆ ನೋಡಿಕೊಳ್ಳಬಹುದು. ಮಾತ್ರೆ ಬರೆದರು. ಶಿರಸಿಗೆ ಹೋಗಿ ಕಣ್ಣು ತೋರಿಸಿ ಎಂದರು. ಅನ್ನ ಅರ್ಧ ಮಾಡಿ, ಪಲ್ಯ ಹೆಚ್ಚು ಮಾಡಿ ಎಂದರು. "ಮತ್ತೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು. ಬೆಂಕಿ ಮುಂದೆ ಕೂರುವುದು ಬಿಟ್ಟರೆ ಒಳ್ಳೆಯದು."

ಓರಗಿತ್ತಿ ನನ್ನ ಮುಖ ನೋಡಿದಳು.

"ಅದಾಗೂದಿಲ್ಲ ಡಾಕ್ಟ್ರೇ," ಎಂದೆ. "ಒಲೆ ಬಿಡ್ಸೂದಿಲ್ಲ ಅಂತ ನಾ ಮಾತು ಕೊಟ್ಟಿದ್ದೆ. ಬೇರೆ ದಾರಿ ಹೇಳಿ."

ಅವರು ಸ್ವಲ್ಪ ಯೋಚಿಸಿದರು. ಈ ಗಾಯ ಪೂರ್ತಿ ಒಣಗುವವರೆಗೆ ಒಲೆ ಬೇಡ. ಆಮೇಲೆ ಕಾಲು ಪೂರ್ತಿ ಮುಚ್ಚುವ ಗಟ್ಟಿ ಚರ್ಮದ ಬೂಟು, ಒಳಗೆ ಹತ್ತಿಯ ಕಾಲುಚೀಲ, ಸಿಪ್ಪೆ ತಳ್ಳಲು ಉದ್ದದ ಕೋಲು, ಬೆಳಿಗ್ಗೆ ಸಂಜೆ ಎರಡು ಹೊತ್ತು ಯಾರಾದರೂ ಅವಳ ಪಾದ ನೋಡಬೇಕು. ಅಷ್ಟು ಮಾಡಿದರೆ ಕೂರಲಿ ಎಂದರು. ನೋಡುವವಳು ನಾನು ಎಂದೆ.

"ನಿಮ್ಮದನ್ನೂ ನೋಡಿಕೊಳ್ಳಿ," ಎಂದು ನನ್ನ ಚೀಟಿ ತೆಗೆದರು. "ನೂರಾ ಹದಿನೆಂಟು ಇದೆ. ನೂರರೊಳಗಿದ್ದರೆ ಸರಿ. ನೂರಿಪ್ಪತ್ತಾರಕ್ಕೆ ಕಾಯಿಲೆ ಅನ್ನುತ್ತೇವೆ. ನೀವು ನಡುವೆ ಇದ್ದೀರಿ."

ನಾನು ಜೊತೆಗೆ ಬಂದವಳು ಎಂದುಕೊಂಡಿದ್ದೆ. ಅಲ್ಲವಂತೆ. ಆದರೆ ನಡುವೆ ಎಂದರೆ ಏನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಪ್ಪರಿಗೆಯಲ್ಲಿ ನೊರೆ ಅಂಚಿಗೆ ಬಂದು ನಿಲ್ಲುತ್ತದೆ. ಆಗ ಕಿಚ್ಚು ಎಳೆದರೆ ತಾನಾಗಿ ಕೆಳಗೆ ಕೂರುತ್ತದೆ. ಬಾಯಿ ಬಿಟ್ಟು ನೋಡುತ್ತಾ ನಿಂತರೆ ಹೊರಗೆ ಚೆಲ್ಲುತ್ತದೆ, ಚೆಲ್ಲಿದ್ದನ್ನು ತುಂಬಿಕೊಳ್ಳಲು ಬರುವುದಿಲ್ಲ. ನಲವತ್ತು ವರ್ಷ ನಾನು ಮಾಡಿದ ಕೆಲಸವೇ ಅದು. ಬೆಲ್ಲ ಎಂದರೆ ಸಕ್ಕರೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ರಕ್ತಕ್ಕೆ ಎರಡೂ ಒಂದೇ ಎಂದರು ಡಾಕ್ಟರು. ಆಲೆಮನೆಯ ತಿಂಗಳಲ್ಲಿ ದಿನಕ್ಕೆ ಎಷ್ಟು ಸಲ ಬೆರಳು ನೆಕ್ಕುತ್ತೇನೆ ಎಂದು ಬಸ್ಸಿನಲ್ಲಿ ಕೂತು ಎಣಿಸಿದೆ. ಊರು ಬಂದರೂ ಮುಗಿಯಲಿಲ್ಲ.

ಆ ವರ್ಷ ಉಳಿದ ದಿನ ಒಲೆಗೆ ಮೈದುನ ಕೂತ. ಓರಗಿತ್ತಿ ಗುಂಡಿಯ ಮೇಲೆ ಕಂಬಳಿ ಹಾಸಿ ಕೂತು ಅವನಿಗೆ ಹೇಳಿಕೊಟ್ಟಳು. ಹೇಳಿಕೊಟ್ಟಳು ಎನ್ನುವುದಕ್ಕಿಂತ ಬೈದಳು. ಗಾಯ ಒಣಗಲು ಒಂದೂವರೆ ತಿಂಗಳು ಹಿಡಿಯಿತು. ಮೊದಲಾಗಿದ್ದರೆ ವಾರದ ಮಾತು.

ಈ ವರ್ಷದ ಆಲೆಮನೆಗೆ ಮುಂಚೆ ನಾನು ಅವಳನ್ನು ಕರೆದುಕೊಂಡು ಶಿರಸಿ ಪೇಟೆಗೆ ಹೋಗಿ ಬೂಟು ತಂದೆ. ಅಂಗಡಿಯವನು ಯಾರಿಗೆ ಎಂದು ಎರಡು ಸಲ ಕೇಳಿದ. ಚಪ್ಪರದ ಬಾಗಿಲಲ್ಲಿ ನನ್ನ ಮೈದುನ ಅಡ್ಡ ನಿಂತ.

"ಅತ್ತಿಗೆ, ಚರ್ಮದ ಮೆಟ್ಟು. ಅಮ್ಮ ಇದ್ದಿದ್ರೆ ಎಂತಾ ಹೇಳ್ತಿದ್ಲು?"

"ಅಮ್ಮ ಇದ್ದಿದ್ರೆ ಅವಳ ಬೆರಳಿಗೂ ಚುಚ್ಚಿಸ್ತಿದ್ದೆ. ದಾರಿ ಬಿಡು."

"ಲಕ್ಷ್ಮಿ ಇರೂ ಜಾಗ."

"ಲಕ್ಷ್ಮಿ ಮೇಲೆ ಕೊಪ್ಪರಿಗೆಲಿ ಇರ್ತಾಳೆ. ಇವಳು ಕೆಳಗೆ ಗುಂಡಿಲಿ ಇರ್ತಾಳೆ. ಇಬ್ರಿಗೂ ಜಗಳ ಆದ್ರೆ ನಾ ಬಿಡಿಸ್ಕಳ್ತೆ."

ಅವನು ಬಿಟ್ಟ. ಅತ್ತೆಯ ಎರಡನೆಯ ನಿಯಮ ಮುರಿದವಳು ನಾನೇ. ಮೊದಲನೆಯದನ್ನು ಹಾಗೆಯೇ ಇಟ್ಟಿದ್ದೇನೆ. ಅದಿಲ್ಲದಿದ್ದರೆ ಬೂದಿ ಕೈಯ ಅಂಕಿ ನಿಜ ಎಂದು ಗೊತ್ತಾಗುತ್ತಲೇ ಇರಲಿಲ್ಲ.

ನರ್ಸಮ್ಮನಿಗೆ ನಾನೇ ಹೇಳಿಕಳಿಸಿದೆ. ಬೆಳಿಗ್ಗೆ, ಗಾಣ ತಿರುಗುವ ಮೊದಲೇ ಬಾ ಎಂದೆ. ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಸಾಬೂನು ಇಟ್ಟು ಪಕ್ಕದಲ್ಲಿ ನಾನೇ ಕೂತೆ. ಮೊದಲು ಕೈ, ಆಮೇಲೆ ಬೆರಳು, ಬೆಲ್ಲ ಕೊನೆಗೆ. ಬಂದವರಿಗೆ ಬೆಲ್ಲ ಕೊಡದೆ ಕೂರಿಸಿದ್ದು ನಮ್ಮ ಆಲೆಮನೆಯಲ್ಲಿ ಅದೇ ಮೊದಲು. ಒಬ್ಬಿಬ್ಬರು ಗೊಣಗಿದರು. ಕಬ್ಬಿನ ಗರಿ ಒಣಗುವ ಮೊದಲೇ ದಂಟು ಸೀಳಿ ಒಳಗೆ ಕೊಳೆರೋಗದ ಕೆಂಪು ಬಂದಿದೆಯಾ ಎಂದು ನೋಡುವುದಿಲ್ಲವಾ, ಹಾಗೆ ಇದು, ಸುಮ್ಮನೆ ಕೂರಿ ಎಂದೆ. ಆ ದಿನ ಪಕ್ಕದ ಮನೆಯವನದು ಹೆಚ್ಚು ಬಂತು. ಅವನು ಮರುದಿನವೇ ತಾಲೂಕಾಸ್ಪತ್ರೆಗೆ ಹೋದ. ನನ್ನ ಮೈದುನ ದಿನಕ್ಕೆ ಎರಡು ಲೋಟ ಜೋನಿ ಬೆಲ್ಲ ಕುಡಿಯುವ ಪೈಕಿ. ಅವನಿಗೆ ಏನೂ ಇರಲಿಲ್ಲ. ನ್ಯಾಯವನ್ನು ರಕ್ತದಲ್ಲಿ ಹುಡುಕಬಾರದು.

"ಅಜ್ಜಿ, ನೀವು ಕಡಿಮಿ ಮಾಡೀರಿ," ಎಂದಳು ನರ್ಸಮ್ಮ, ನನ್ನ ಅಂಕಿಯನ್ನು ಆಸ್ಪತ್ರೆಯ ಹಳೆ ಚೀಟಿಗೆ ಹೋಲಿಸಿ ನೋಡಿ.

ಮಾಡದೆ ಏನು. ಈಗ ಹದ ನೋಡಿದ ಬೆರಳನ್ನು ನೀರಿನ ಚೊಂಬಿಗೆ ಅದ್ದುತ್ತೇನೆ. ಮೊದಲೆರಡು ದಿನ ಬೆರಳು ತಾನಾಗಿ ಬಾಯಿಗೆ ಹೋಗುತ್ತಿತ್ತು. ಈಗ ದಾರಿ ಕಲಿತಿದೆ. ಹದ ತಪ್ಪಿಲ್ಲ. ಅದು ಬೆರಳಲ್ಲೇ ಇತ್ತು, ನಾಲಿಗೆಯಲ್ಲಿ ಇರಲಿಲ್ಲ.

ನರ್ಸಮ್ಮ ಬೆಲ್ಲ ತಿಂದು ಹೋದ ಮೇಲೆ ಗಾಣ ಹಾಕಿದರು. ಮೊದಲ ಕೊಪ್ಪರಿಗೆಗೆ ಕಿಚ್ಚು ಹತ್ತಿತು. ನೊರೆ ಏಳುವ ಹೊತ್ತಿಗೆ ನಾನು ಯಾರ ಹತ್ತಿರವೋ ಮಾತಾಡುತ್ತಾ ನಿಂತಿದ್ದೆ.

"ಅಕ್ಕ," ಎಂದು ಓರಗಿತ್ತಿ ಕೆಳಗಿನಿಂದ ಕೂಗಿದಳು. "ಮಾತು ಆಮೇಲೆ ಆಡು. ಕಿಚ್ಚು ಇಡೂದಾ, ಎಳೆಯೂದಾ? ನಂಗೆ ಇಲ್ಲಿಂದ ಎಂತಾ ಕಾಣೂದಿಲ್ಲ."

"ಎಳೆ," ಎಂದು ಇಣುಕಿದೆ.

ಅವಳು ಉದ್ದದ ಕೋಲಿನಿಂದ ಸಿಪ್ಪೆ ಹಿಂದಕ್ಕೆ ಎಳೆದಳು. ಅದರ ಜೊತೆ ಒಂದು ಕೆಂಡ ಉರುಳಿ ಬಂದು ಅವಳ ಬಲಗಾಲಿನ ಬೂಟಿನ ಮೇಲೆ ಕೂತಿತು. ಅವಳಿಗೆ ಗೊತ್ತಾಗಲಿಲ್ಲ. ನಾನು ಕೂಗಲೂ ಇಲ್ಲ. ಸ್ವಲ್ಪ ಹೊತ್ತು ಕೆಂಪಗಿದ್ದು ಅದು ಅಲ್ಲೇ ಬೂದಿಯಾಯಿತು.